ಯಕ್ಷಗಾನದ ಫೋಟೊದಲ್ಲಿ ನಾಯ್ಸ್: ಐಎಸ್‌ಒ ಇಳಿಸಿದರೆ ಹೋಗುತ್ತಾ?

ಪ್ರಶ್ನೆ: ನಾನು ಮೂಡುಬಿದಿರೆ ಹತ್ತಿರದವನು. ಫೋಟೊ ತೆಗೆಯುವುದು ಹವ್ಯಾಸ. ಸುತ್ತಮುತ್ತ ಬಯಲಾಟ ಇದ್ದರೆ ಕ್ಯಾಮೆರಾ ಹಿಡಿದು ಹೋಗುತ್ತೇನೆ. ನನ್ನದು ಎಪಿಎಸ್-ಸಿ, ಅಂದರೆ ಫುಲ್ ಫ್ರೇಮಿಗಿಂತ ಸಣ್ಣ ಸೆನ್ಸರಿನ ಕ್ಯಾಮೆರಾ, 55-250 ಮಿ.ಮೀ. ಲೆನ್ಸ್. ನಾಯ್ಸ್ (ಚಿತ್ರದ ತುಂಬಾ ಕಾಳು ಕಾಳಾಗಿ ಕಾಣುವ ಕಲೆ) ಬರಬಾರದು ಅಂತ ಐಎಸ್‌ಒ 800 ದಾಟಿಸುವುದಿಲ್ಲ. ಶಟರ್ 1/250 ಸೆಕೆಂಡಿಗೆ ಇಡುತ್ತೇನೆ. ಚಿತ್ರ ಕತ್ತಲಾಗಿ ಬರುತ್ತದೆ, ಕಂಪ್ಯೂಟರಿನಲ್ಲಿ ಬೆಳಕು ಏರಿಸುತ್ತೇನೆ. ಆಗ ಎಲ್ಲೆಲ್ಲೂ ನಾಯ್ಸ್. ಅದನ್ನು ತೆಗೆದರೆ ವೇಷದ ಮುಖ ಪ್ಲಾಸ್ಟಿಕ್ ಆಗುತ್ತದೆ. ಇನ್ನೊಂದು ವಿಚಿತ್ರ ಇದೆ: ಒಂದೇ ಸೆಟ್ಟಿಂಗಿನಲ್ಲಿ ಸಾಲಾಗಿ ತೆಗೆದ ಚಿತ್ರಗಳಲ್ಲಿ ಒಂದು ಬೆಳ್ಳಗೆ, ಮುಂದಿನದು ಮಂಕು. ಗೆಳೆಯರ ಗುಂಪಿನಲ್ಲಿ ಹಾಕಿದರೆ ಒಬ್ಬರು ‘ಸೂಪರ್’ ಅನ್ನುತ್ತಾರೆ, ಇನ್ನೊಬ್ಬರು ‘ಐಎಸ್‌ಒ ಇನ್ನೂ ಇಳಿಸಿ’ ಅನ್ನುತ್ತಾರೆ, ಮತ್ತೊಬ್ಬರು ‘ಫುಲ್ ಫ್ರೇಮ್ ತಗೊಳ್ಳಿ’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಐಎಸ್‌ಒ ಇಳಿಸಿ ಅಂದವರ ಮಾತನ್ನು ನೋಡೋಣ. ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ಆದರೆ ನಿಮ್ಮ ಚಿತ್ರ ಕೆಡುತ್ತಿರುವುದು ಆ ಭಯದಿಂದಲೇ.

ನಾಯ್ಸ್ ಹುಟ್ಟುವುದು ಬೆಳಕು ಕಡಿಮೆ ಆದಾಗ. ಬೆಳಕು ಸೆನ್ಸರಿನ ಮೇಲೆ ಬೀಳುವುದು ಫೋಟಾನ್ ಎಂಬ ಕಣಗಳಾಗಿ, ಮಳೆ ಹನಿ ಬಿದ್ದ ಹಾಗೆ. ಅಂಗಳದಲ್ಲಿ ಒಂದೇ ಅಳತೆಯ ಚೊಂಬುಗಳನ್ನು ಸಾಲಾಗಿ ಇಟ್ಟಿದ್ದೀರಿ ಅಂದುಕೊಳ್ಳಿ. ಸ್ವಲ್ಪವೇ ಹನಿ ಉದುರಿ ಮಳೆ ನಿಂತರೆ ಒಂದು ಚೊಂಬಿನಲ್ಲಿ ಎರಡು ಹನಿ, ಪಕ್ಕದ್ದರಲ್ಲಿ ಆರು. ರಾತ್ರಿಯಿಡೀ ಸುರಿದರೆ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಮಟ್ಟ. ಇದಕ್ಕೆ ಲೆಕ್ಕವೂ ಇದೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಫೋಟಾನ್ ಬಿದ್ದರೆ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 10. ಅದು ಶೇ. 10. ಅದೇ 10,000 ಬಿದ್ದರೆ ಏರುಪೇರು 100, ಅಂದರೆ ಬರೀ ಶೇ. 1. ನಾಲ್ಕು ಪಟ್ಟು ಬೆಳಕು ಕೊಟ್ಟರೆ ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ.

ಈ ಲೆಕ್ಕದಲ್ಲಿ ಐಎಸ್‌ಒ ಎಲ್ಲಿಯೂ ಇಲ್ಲ, ಗಮನಿಸಿದಿರಾ? ಒಳಗೆ ಎಷ್ಟು ಬೆಳಕು ಬರಬೇಕು ಅನ್ನುವುದನ್ನು ತೀರ್ಮಾನಿಸುವುದು ಶಟರ್, ಅಪರ್ಚರ್ (ಲೆನ್ಸಿನ ಕಂಡಿ ಎಷ್ಟು ತೆರೆದಿದೆ ಅನ್ನುವುದು) ಮತ್ತು ರಂಗಸ್ಥಳದ ದೀಪ. ಐಎಸ್‌ಒ ಬಂದ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಅಂತ ಹೇಳುತ್ತದೆ, ಅಷ್ಟೇ. ನೀವು 800ರಲ್ಲಿ ತೆಗೆದು ಕಂಪ್ಯೂಟರಿನಲ್ಲಿ ಮೂರು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು) ಏರಿಸಿದರೆ 1600, 3200, 6400 ಅಂತ ಮೂರು ಮೆಟ್ಟಿಲು ಹತ್ತಿದಂತಾಯಿತು. 6400ರ ನಾಯ್ಸ್ ತಪ್ಪಿಸಿಕೊಳ್ಳಲು ಹೋಗಿ ಅಲ್ಲಿಗೇ ಬಂದಿದ್ದೀರಿ. ಕೆಲವು ಹೊಸ ಕ್ಯಾಮೆರಾಗಳಲ್ಲಿ ಎರಡೂ ದಾರಿಯ ಫಲ ಹೆಚ್ಚುಕಮ್ಮಿ ಒಂದೇ. ಹಳೆಯ ಹಲವು ಮಾದರಿಗಳಲ್ಲಿ ಆಮೇಲೆ ಏರಿಸಿದ್ದೇ ಜಾಸ್ತಿ ಕೆಡುತ್ತದೆ. ಯಾಕೆಂದರೆ ಬೆಳಕನ್ನು ಓದುವ ಎಲೆಕ್ಟ್ರಾನಿಕ್ಸ್‌ನ ಗಲಾಟೆಯೂ ಅದರ ಜೊತೆ ಹಿಗ್ಗುತ್ತದೆ, ನೆರಳಿನ ಜಾಗದಲ್ಲಿ ಪಟ್ಟೆಗಳು ಏಳುತ್ತವೆ.

ಹಾಗಾದರೆ ಆಟದ ರಾತ್ರಿ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಕೊಡುವ ಬೆಳಕು, ಹೇಗೆ ಇಡಬೇಕು? ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕೆಂದರೆ ಮನೆಗೆ ಬಂದು ಮಾಡುವ ಎಲ್ಲಾ ಕೆಲಸವೂ ಇದರ ಮೇಲೇ ನಿಂತಿದೆ.

ರಾತ್ರಿಯ ಬಯಲಾಟದಲ್ಲಿ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರನ್ನು ಪೂರ್ತಿ ನಂಬಬೇಡಿ. ಅದು ಎದುರಿಗಿದ್ದದ್ದನ್ನೆಲ್ಲ ನಡುಮಧ್ಯದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ರಂಗಸ್ಥಳದ ಹಿಂದೆ ಗದ್ದೆ, ಕತ್ತಲು. ಆ ಕಪ್ಪನ್ನೂ ಬೂದು ಮಾಡಲು ಹೋಗಿ ವೇಷದ ಮುಖದ ಬೆಳಕನ್ನು ಹಾರಿಸಿಬಿಡುತ್ತದೆ, ಅಂದರೆ ಮುಖ ವಿವರವೇ ಇಲ್ಲದ ಬರೀ ಬಿಳಿಯಾಗುತ್ತದೆ. ಹಿಂದೆ ಬಿಳಿ ಪರದೆ ಇದ್ದರೆ ಇದರ ತಲೆಕೆಳಗು. ಬಯಲಾಟದಲ್ಲಿ ಒಂದು ಅನುಕೂಲ ಇದೆ: ಕಂಬಕ್ಕೆ ಕಟ್ಟಿದ ದೀಪ ಬೆಳಗಿನ ತನಕ ಬದಲಾಗುವುದಿಲ್ಲ. ಹಾಗಾಗಿ ಮ್ಯಾನುವಲ್ ಮೋಡಿಗೆ ಬನ್ನಿ. ಆಟ ಶುರುವಾದ ಸ್ವಲ್ಪ ಹೊತ್ತಿನಲ್ಲೇ ರಂಗದ ನಡುವೆ ನಿಂತ ವೇಷದ ಮೇಲೆ ಎಕ್ಸ್‌ಪೋಷರ್ ಒಮ್ಮೆ ಹೊಂದಿಸಿಕೊಳ್ಳಿ. ಆಮೇಲೆ ಕುಣಿತಕ್ಕೆ ತಕ್ಕಂತೆ ಶಟರ್ ಬದಲಾಯಿಸಿ, ಅದಕ್ಕೆ ಸರಿಯಾಗಿ ಐಎಸ್‌ಒ ಏರಿಸಿ ಇಳಿಸಿ. ಅಪರ್ಚರ್ ಮಾತ್ರ ಪೂರ್ತಿ ತೆರೆದೇ ಇರಲಿ.

ಹೊಂದಿಸುವಾಗ ಅತಿ ಬೆಳ್ಳಗಿರುವ ಮುಖ್ಯ ಜಾಗವನ್ನು ನೋಡಿ. ರಾಕ್ಷಸ ಪಾತ್ರದ ಬಣ್ಣದ ವೇಷವಾದರೆ ಅದು ಮುಖದ ಚುಟ್ಟಿ. ಅಕ್ಕಿ ಹಿಟ್ಟಿನಿಂದ ಗಂಟೆಗಟ್ಟಲೆ ಕೂತು ಇಟ್ಟ ಆ ಬಿಳಿಯ ಒಂದೊಂದು ಮುಳ್ಳೂ ಕಾಣಬೇಕು. ಪರದೆಯ ಮೇಲೆ ಹೈಲೈಟ್ ಅಲರ್ಟ್ ಹಾಕಿಕೊಳ್ಳಿ, ಬಿಳಿ ಹಾರಿದ ಜಾಗ ಮಿಟುಕುತ್ತದೆ. ಚುಟ್ಟಿ ಮಿಟುಕದಷ್ಟು, ಆದರೆ ಇನ್ನು ಸ್ವಲ್ಪ ಏರಿಸಿದರೆ ಮಿಟುಕಲು ಶುರುವಾಗುವಷ್ಟು ಎಕ್ಸ್‌ಪೋಷರ್ ಇರಲಿ. ಕಿರೀಟದ ಮಿಂಚಿನ ಚುಕ್ಕಿಗಳು, ಹಿಂದಿನ ಟ್ಯೂಬ್‌ಲೈಟು ಮಿಟುಕಿದರೆ ಚಿಂತೆ ಬೇಡ, ಅವು ಬೆಳ್ಳಗೇ ಇರಬೇಕಾದವು. ನೀವು ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟ ಕಡತ) ತೆಗೆದರೂ ಪರದೆಯ ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯ ತನಕ ಎಷ್ಟೆಷ್ಟು ಇದೆ ಅಂತ ತೋರಿಸುವ ನಕ್ಷೆ) ಮತ್ತು ಈ ಮಿಟುಕು, ಕ್ಯಾಮೆರಾ ತಾನೇ ಸಿದ್ಧಮಾಡಿದ ಒಳಗಿನ ಜೆಪೆಗ್ ಚಿತ್ರವನ್ನು ನೋಡಿ ಬಂದದ್ದು. ರಾದಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿರುತ್ತದೆ. ಆ ಸ್ವಲ್ಪವನ್ನು ನೆಚ್ಚಿಕೊಂಡು ಕೂರಬೇಡಿ, ಇದೆ ಅಂತ ಗೊತ್ತಿದ್ದರೆ ಸಾಕು.

ಕೆಂಪಿನ ವಿಷಯ ಬೇರೆಯಾಗಿ ಹೇಳಬೇಕು. ಸಭಾಂಗಣದ ಆಟಗಳಲ್ಲಿ ಕೆಂಪು, ನೀಲಿ ಎಲ್‌ಇಡಿ ಬಿಡುತ್ತಾರೆ. ಆಗ ಸಾಮಾನ್ಯ ಹಿಸ್ಟೋಗ್ರಾಮ್ ‘ಎಲ್ಲಾ ಸರಿ ಇದೆ’ ಅನ್ನುತ್ತಿರುತ್ತದೆ, ಆದರೆ ಕೆಂಪು ಚಾನೆಲ್ ಒಂದೇ ತುಂಬಿ ಹೊರಗೆ ಚೆಲ್ಲಿರುತ್ತದೆ. ಮನೆಗೆ ಬಂದು ನೋಡಿದರೆ ಕೆಂಪು ಬಟ್ಟೆಯ ಮಡಿಕೆ, ನೆರಿಗೆ ಯಾವುದೂ ಇಲ್ಲ, ಬರೀ ಕೆಂಪು ತೇಪೆ. ಆರ್‌ಜಿಬಿ ಹಿಸ್ಟೋಗ್ರಾಮ್ ಹಾಕಿ ಮೂರನ್ನೂ ಬೇರೆ ಬೇರೆ ನೋಡಿ. ಅಂಥ ಬೆಳಕಿನಲ್ಲಿ 2/3ರಿಂದ 1 ಸ್ಟಾಪ್ ಇಳಿಸಿಯೇ ತೆಗೆಯಿರಿ. ಸ್ವಲ್ಪ ನಾಯ್ಸ್ ಬಂದರೆ ಆಮೇಲೆ ಏನಾದರೂ ಮಾಡಬಹುದು, ಚೆಲ್ಲಿಹೋದ ಬಣ್ಣಕ್ಕೆ ಏನೂ ಮಾಡಲಾಗುವುದಿಲ್ಲ.

ಈಗ ಶಟರ್. ನೀವು ಎಲ್ಲದಕ್ಕೂ 1/250 ಇಡುತ್ತಿದ್ದೀರಿ. ವೇಷ ನಿಂತು ಅರ್ಥ ಹೇಳುವಾಗ ಅಷ್ಟು ಬೇಕಾಗಿಲ್ಲ, ದಿಗಿಣ ಹೊಡೆಯುವಾಗ, ಅಂದರೆ ಹಾರಿ ತಿರುಗಿ ಕುಣಿಯುವಾಗ, ಅಷ್ಟು ಸಾಲುವುದಿಲ್ಲ. ಮಾತಿನ ಹೊತ್ತಿಗೆ 1/100 ಸಾಕು. ಅಷ್ಟರಿಂದಲೇ ಎರಡೂವರೆ ಪಟ್ಟು ಬೆಳಕು ಸಿಕ್ಕಿತು. 6400 ಬೇಕಿದ್ದ ಕಡೆ ಐಎಸ್‌ಒ 2500 ಸಾಕಾಯಿತು. ದಿಗಿಣಕ್ಕೆ 1/500 ಆದರೂ ಬೇಕು. ಆಗ ಐಎಸ್‌ಒ 12800 ಆದರೆ ಆಗಲಿ ಬಿಡಿ. ನಾಯ್ಸ್ ಇರುವ ಗಟ್ಟಿ ಚಿತ್ರವನ್ನು ಸುಧಾರಿಸಬಹುದು, ಅಲುಗಿದ ಮುಖಕ್ಕೆ ಮದ್ದಿಲ್ಲ. ಲೆನ್ಸಿನ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕವನ್ನಷ್ಟೇ ತಡೆಯುತ್ತದೆ, ಕುಣಿಯುವವರ ಚಲನೆಯನ್ನಲ್ಲ.

ದಿಗಿಣದಲ್ಲೂ ಒಂದು ಕ್ಷಣ ವೇಷ ಗಾಳಿಯಲ್ಲಿ ನಿಂತ ಹಾಗೆ ಆಗುತ್ತದೆ, ಮೇಲೆ ಏರುವುದು ಮುಗಿದು ಕೆಳಗೆ ಇಳಿಯುವ ಮೊದಲು. ಚೆಂಡೆಯ ಪೆಟ್ಟು ಕಿವಿಗೆ ಕೂತವರಿಗೆ ಆ ಕ್ಷಣ ಮುಂಚೆಯೇ ಗೊತ್ತಾಗುತ್ತದೆ. ಅಲ್ಲಿ ಒತ್ತಿದರೆ ಶಟರ್ ವೇಗದಲ್ಲಿ ಒಂದು ಸ್ಟಾಪ್ ಉಳಿಯುತ್ತದೆ. ಹಾಗೇ ಮುಖದ ಬೆಳಕು. ದೀಪ ಮೇಲಿರುವುದರಿಂದ ಕಿರೀಟದ ನೆರಳು ಕಣ್ಣಿನ ಮೇಲೆ ಬೀಳುತ್ತದೆ. ಆ ನೆರಳನ್ನು ಕಂಪ್ಯೂಟರಿನಲ್ಲಿ ಎತ್ತಲು ಹೋದಾಗಲೇ ಕಣ್ಣಿನ ಸುತ್ತ ಕೊಳಕು ನಾಯ್ಸ್ ಬರುವುದು. ವೇಷಧಾರಿ ಗದ್ದ ಎತ್ತಿ ನೋಡುವ ತನಕ ಕಾಯಿರಿ. ಅರ್ಥ ಹೇಳುವಾಗ ಅದು ಬಂದೇ ಬರುತ್ತದೆ.

ಒಂದು ಬೆಳ್ಳಗೆ, ಒಂದು ಮಂಕು ಅಂದಿರಲ್ಲ, ಅದು ಕ್ಯಾಮೆರಾ ಕೆಟ್ಟಿದ್ದಲ್ಲ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು ಮತ್ತು ಕಡಿಮೆ ಬೆಲೆಯ ಹಲವು ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. 1/100 ಅಥವಾ 1/50 ಇಟ್ಟರೆ ಪ್ರತಿ ಚಿತ್ರಕ್ಕೂ ಒಂದು ಇಲ್ಲವೇ ಎರಡು ಪೂರ್ತಿ ಸುತ್ತು ಸಿಗುತ್ತದೆ, ಬೆಳಕು ಒಂದೇ ಸಮ. 1/250ರಲ್ಲಿ ಒಮ್ಮೆ ದೀಪ ಏರಿದಾಗ ಸಿಗುತ್ತದೆ, ಒಮ್ಮೆ ಇಳಿದಾಗ. ಬಣ್ಣವೂ ಅದರ ಜೊತೆ ಬದಲಾಗುತ್ತದೆ. ಕ್ಯಾಮೆರಾದಲ್ಲಿ ಆ್ಯಂಟಿ ಫ್ಲಿಕರ್ ಇದ್ದರೆ ಹಾಕಿಡಿ, ದೀಪ ಏರಿದ ಹೊತ್ತಿಗೇ ಶಟರ್ ತೆರೆಯುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದ್ದರೆ ಆಟದಲ್ಲಿ ಅದನ್ನು ಬಳಸಬೇಡಿ, ಚಿತ್ರದ ಉದ್ದಕ್ಕೂ ಕಪ್ಪು ಪಟ್ಟೆ ಬರಬಹುದು. ಫ್ಲ್ಯಾಶ್ ಬೇಡವೇ ಬೇಡ. ಆ ರಾತ್ರಿ ವೇಷ ತೊಟ್ಟವರ ಕಣ್ಣಿಗೆ ಅದು ಹಿಂಸೆ, ರಂಗದ ಬೆಳಕೂ ಸತ್ತುಹೋಗುತ್ತದೆ.

ಮಹಿಷಾಸುರನ ಪ್ರವೇಶಕ್ಕೆ ಮಾತ್ರ ಮೇಲಿನ ಹೊಂದಿಕೆ ನಡೆಯುವುದಿಲ್ಲ. ದೊಂದಿ ಹಿಡಿದು ಜನರ ನಡುವಿನಿಂದ ಬರುವಾಗ, ರಾಳದ ಪುಡಿ ಎರಚಿದರೆ ಬೆಂಕಿ ಧಗ್ಗಂತ ಏಳುತ್ತದೆ. ರಂಗಸ್ಥಳದ ಎಕ್ಸ್‌ಪೋಷರಿನಲ್ಲೇ ತೆಗೆದರೆ ಜ್ವಾಲೆ ಬಿಳಿ ಮುದ್ದೆ. ಎರಡು ಸ್ಟಾಪ್ ಇಳಿಸಿ. ಬೆಂಕಿ ಏಳುವ ಕ್ಷಣ ಅದೇ ಮುಖಕ್ಕೆ ದೀಪವಾಗುತ್ತದೆ. ಉಳಿದದ್ದು ಕಪ್ಪಾದರೆ ಕಪ್ಪಾಗಿಯೇ ಇರಲಿ, ಎತ್ತಬೇಡಿ. ಎತ್ತದ ನೆರಳಿನಲ್ಲಿ ನಾಯ್ಸ್ ಕಾಣುವುದೇ ಇಲ್ಲ.

ಇನ್ನು ಫುಲ್ ಫ್ರೇಮ್ ಅಂದವರ ಮಾತು. ಅದರಲ್ಲಿ ನಿಜ ಇದೆ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ನಿಮ್ಮದು ಸುಮಾರು 22×15 ಮಿ.ಮೀ. ಒಂದೇ ಅಪರ್ಚರ್, ಒಂದೇ ಶಟರಿನಲ್ಲಿ ಅದಕ್ಕೆ ಒಟ್ಟು ಸುಮಾರು ಎರಡೂವರೆ ಪಟ್ಟು ಬೆಳಕು ಸಿಗುತ್ತದೆ. ಆದರೆ 85 ಮಿ.ಮೀ. ಎಫ್/1.8 (ಎಫ್ ಸಂಖ್ಯೆ ಸಣ್ಣದಾದಷ್ಟೂ ಕಂಡಿ ದೊಡ್ಡದು) ಲೆನ್ಸ್ ನಿಮ್ಮ ಈಗಿನ ಕ್ಯಾಮೆರಾಕ್ಕೇ ಹಾಕಿದರೆ, ಎಫ್/5.6ಕ್ಕೆ ಹೋಲಿಸಿದಾಗ ಹತ್ತು ಪಟ್ಟಿಗೆ ಹತ್ತಿರ. 6400 ಬೇಕಿದ್ದ ಕಡೆ 640ರ ಆಸುಪಾಸು ಸಾಕು. ಖರ್ಚು ಮಾಡುವುದೇ ಆದರೆ ಮೊದಲು ಲೆನ್ಸಿಗೆ ಮಾಡಿ. ಹತ್ತಿರ ಕೂರಬೇಕಾಗುತ್ತದೆ. ಫೋಕಸ್ ಕೂಡ ತೆಳು: ಐದು ಮೀಟರ್ ದೂರದಲ್ಲಿ ಎಫ್/1.8ರಲ್ಲಿ ಹರಿತವಾಗಿ ಸಿಗುವ ಆಳ ಒಂದು ಗೇಣಿನಷ್ಟು ಮಾತ್ರ. ಕಣ್ಣಿಗೇ ಫೋಕಸ್ ಇಡಿ.

ಹಣ ಖರ್ಚು ಮಾಡದೆಯೂ ಬೆಳಕು ಸಿಗುತ್ತದೆ. ನಿಮ್ಮ ಲೆನ್ಸ್ 55 ಮಿ.ಮೀ.ನಲ್ಲಿ ಎಫ್/4 ಕೊಡುತ್ತದೆ, 250ರಲ್ಲಿ ಎಫ್/5.6. ಮುಂದೆ ಬಂದು ಕೂತು ಅಗಲದ ತುದಿ ಬಳಸಿದರೆ ಒಂದು ಸ್ಟಾಪ್ ಲಾಭ. ಕ್ರಾಪಿನ ಲೆಕ್ಕವನ್ನಂತೂ ತುಂಬಾ ಜನ ಮರೆಯುತ್ತಾರೆ. ದೂರದಿಂದ ತೆಗೆದು ಅಗಲ ಅರ್ಧ, ಎತ್ತರ ಅರ್ಧ ಕತ್ತರಿಸಿದರೆ ಬಂದ ಬೆಳಕಿನಲ್ಲಿ ಕಾಲು ಭಾಗವನ್ನಷ್ಟೇ ಇಟ್ಟುಕೊಂಡ ಹಾಗಾಯಿತು. ಅಷ್ಟೇ ದೊಡ್ಡದಾಗಿ ತೋರಿಸಿದರೆ ನಾಯ್ಸ್ ಎರಡು ಪಟ್ಟು ಕಾಣುತ್ತದೆ. ಪಕ್ಕದಲ್ಲಿ, ಓರೆಯಾಗಿ, ಯಾರಿಗೂ ಅಡ್ಡವಾಗದಂತೆ ನೆಲದ ಮೇಲೆ ಕೂತರೆ ಬಯಲಾಟದಲ್ಲಿ ಯಾರೂ ಏಳಿಸುವುದಿಲ್ಲ.

ಈಗ ನಾಯ್ಸ್ ತೆಗೆಯುವ ಕೆಲಸ. ಅದಕ್ಕೆ ರಾ ಫೈಲೇ ಬೇಕು. ಕ್ಯಾಮೆರಾದ ಮೆನುವಿನಲ್ಲಿರುವ ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಸಾಮಾನ್ಯವಾಗಿ ಜೆಪೆಗ್‌ಗೆ ಮಾತ್ರ ತಾಗುತ್ತದೆ. ಜೆಪೆಗ್ ತೆಗೆಯುವವರು ಅದನ್ನು ‘ಲೋ’ ಮಾಡಿಟ್ಟುಕೊಳ್ಳಲಿ.

ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಮೊದಲು ಸರಿ ಮಾಡಿ, ನಾಯ್ಸ್ ಆಮೇಲೆ. ಅದರಲ್ಲಿ ಎರಡು ಜಾತಿ. ಒಂದು ಬಣ್ಣದ ನಾಯ್ಸ್, ನೆರಳಿನಲ್ಲಿ ಕೆಂಪು, ಹಸಿರು, ನೇರಳೆ ಕಲೆಗಳಾಗಿ ಕಾಣುವುದು. ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಿ ಬಹಳ ಕಡಿಮೆ, ಆದ್ದರಿಂದ ನೀಲಿ ಚಾನೆಲ್ಲನ್ನೇ ಜಾಸ್ತಿ ಹಿಗ್ಗಿಸಬೇಕಾಗುತ್ತದೆ, ಕಲೆಯೂ ಅಲ್ಲೇ ಜಾಸ್ತಿ. ಇದನ್ನು ಧೈರ್ಯವಾಗಿ ತೆಗೆಯಿರಿ, ಚಿತ್ರಕ್ಕೆ ನಷ್ಟ ತೀರಾ ಕಡಿಮೆ. ಲೈಟ್‌ರೂಮ್ ತಂತ್ರಾಂಶ ರಾ ಫೈಲಿಗೆ ಇದನ್ನು ತಾನಾಗಿಯೇ 25 ಇಟ್ಟಿರುತ್ತದೆ, ಬಹಳ ಚಿತ್ರಗಳಿಗೆ ಅಷ್ಟು ಸಾಕು. ಇನ್ನೊಂದು ಬೆಳಕಿನ ನಾಯ್ಸ್, ಅಂದರೆ ಕಪ್ಪುಬಿಳುಪು ಕಾಳು ಕಾಳಾಗಿ ಕಾಣುವ ಲೂಮಿನನ್ಸ್. ನಿಮ್ಮ ಚಿತ್ರಗಳು ಪ್ಲಾಸ್ಟಿಕ್ ಆಗಿದ್ದು ಇಲ್ಲೇ. ಈ ಸ್ಲೈಡರನ್ನು ಎಳೆದಷ್ಟೂ ನಾಯ್ಸಿನ ಜೊತೆ ಚರ್ಮದ ರಂಧ್ರ, ಬಣ್ಣ ಹಚ್ಚಿದ ಕಡ್ಡಿಯ ಗುರುತು, ಬೆವರಿನ ಹನಿ ಎಲ್ಲಾ ಹೋಗುತ್ತದೆ. ತಂತ್ರಾಂಶಕ್ಕೆ ಸಣ್ಣ ನಾಯ್ಸಿಗೂ ಸಣ್ಣ ವಿವರಕ್ಕೂ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ.

ಎಲ್ಲಿ ನಿಲ್ಲಿಸಬೇಕು ಅಂತ ಸಂಖ್ಯೆ ಹೇಳುವುದಕ್ಕಿಂತ ಜಾಗ ಹೇಳುತ್ತೇನೆ. ಶೇ. 100ಕ್ಕೆ ಹಿಗ್ಗಿಸಿ ಮೂರು ಕಡೆ ನೋಡಿ: ಕಣ್ಣಿನ ಕಾಡಿಗೆಯ ಅಂಚು, ಚುಟ್ಟಿಯ ಮುಳ್ಳುಗಳು, ಕಿರೀಟದ ಮಣಿಗಳು. ಸ್ಲೈಡರ್ ಸೊನ್ನೆಯಿಂದ ನಿಧಾನಕ್ಕೆ ಏರಿಸಿ. ಇವುಗಳಲ್ಲಿ ಯಾವುದಾದರೂ ಒಂದು ಕರಗಲು ಶುರುವಾದ ಕೂಡಲೇ ಸ್ವಲ್ಪ ಹಿಂದಕ್ಕೆ ತನ್ನಿ. ಹಿನ್ನೆಲೆಯ ಕತ್ತಲಿಗೆ ಮಾತ್ರ ಮಾಸ್ಕ್ ಹಾಕಿ ಬೇಕಾದಷ್ಟು ಉಜ್ಜಿ, ಅಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಶಾರ್ಪನಿಂಗಿನಲ್ಲಿ ಮಾಸ್ಕಿಂಗ್ ಸ್ಲೈಡರ್ ಇದೆ. ಕಂಪ್ಯೂಟರಿನಲ್ಲಿ ಆಲ್ಟ್ ಕೀ ಒತ್ತಿ ಅದನ್ನು ಎಳೆದರೆ ಹರಿತವಾಗುವ ಜಾಗ ಮಾತ್ರ ಬಿಳಿಯಾಗಿ ಕಾಣುತ್ತದೆ. ಅಂಚುಗಳಷ್ಟೇ ಬಿಳಿ ಉಳಿಯುವ ತನಕ ಎಳೆಯಿರಿ. ಇಲ್ಲದಿದ್ದರೆ ಒಂದು ಕೈಯಲ್ಲಿ ನಾಯ್ಸ್ ತೆಗೆದು ಇನ್ನೊಂದು ಕೈಯಲ್ಲಿ ಅದನ್ನೇ ಹರಿತ ಮಾಡುತ್ತಿರುತ್ತೀರಿ.

2023ರ ಏಪ್ರಿಲ್‌ನಲ್ಲಿ ಲೈಟ್‌ರೂಮಿಗೆ ಎಐ ಡಿನಾಯ್ಸ್ ಬಂತು. ಡಿಎಕ್ಸ್‌ಒ, ಟೋಪಾಜ್ ಅವರ ತಂತ್ರಾಂಶಗಳು ಅದಕ್ಕೂ ಮೊದಲೇ ಇದ್ದವು. ಇವು ನಿಜಕ್ಕೂ ಒಳ್ಳೆಯ ಕೆಲಸ ಮಾಡುತ್ತವೆ. ಆರು ಸಾವಿರದ ಐಎಸ್‌ಒ ಈಗ ಮೊದಲಿನಷ್ಟು ಭಯ ಹುಟ್ಟಿಸುವುದಿಲ್ಲ. ಆದರೆ ಯಕ್ಷಗಾನದ ಚಿತ್ರಕ್ಕೆ ಇವನ್ನು ಕೈ ಬಿಗಿ ಹಿಡಿದು ಬಳಸಿ ಅಂತ ಕಳಕಳಿಯಿಂದ ಕೇಳುತ್ತೇನೆ. ಇವು ಕಲಿತಿರುವುದು ಬೇರೆ ಲಕ್ಷಾಂತರ ಚಿತ್ರಗಳಿಂದ. ಚುಟ್ಟಿಯ ಸಾಲು ಮಸುಕಾಗಿದ್ದರೆ ಅಲ್ಲಿ ಏನಿತ್ತು ಅಂತ ಊಹಿಸಿ ತುಂಬುತ್ತವೆ. ಮುಖವರ್ಣಿಕೆಯ ಗೆರೆ ಒಬ್ಬೊಬ್ಬ ಕಲಾವಿದರದ್ದೂ ಬೇರೆ. ನಾಳೆ ಯಾರಾದರೂ ನಿಮ್ಮ ಚಿತ್ರ ನೋಡಿ ಅದನ್ನು ಕಲಿಯಬಹುದು. ಇಲ್ಲದ ಗೆರೆ ಅದರಲ್ಲಿ ಇರಬಾರದು. ಲೈಟ್‌ರೂಮಿನಲ್ಲಿ ಅದರ ಪ್ರಮಾಣ ಮೊದಲು 50 ಇರುತ್ತದೆ. 25-35ಕ್ಕೆ ಇಳಿಸಿ, ಮೂಲ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಿ. ಹಿಂದೆ ಕೂತ ಜನರ ಸಣ್ಣ ಮುಖಗಳನ್ನೂ ನೋಡಿ, ಅಲ್ಲಿ ವಿಕಾರ ಆಗುವುದು ಹೆಚ್ಚು. ಹಣ ಕೊಡಲು ಇಷ್ಟ ಇಲ್ಲದಿದ್ದರೆ ಡಾರ್ಕ್‌ಟೇಬಲ್ ಉಚಿತ. ಅದರ ಪ್ರೊಫೈಲ್ಡ್ ಡಿನಾಯ್ಸ್ ಆಯಾ ಕ್ಯಾಮೆರಾ ಮಾದರಿಯ ನಾಯ್ಸನ್ನು ಅಳೆದು ಮಾಡಿದ್ದು, ಚೆನ್ನಾಗಿದೆ.

ನಾಯ್ಸ್ ತೆಗೆಯುವ ಮೊದಲು ಚಿತ್ರವನ್ನು ಜನ ಎಷ್ಟು ದೊಡ್ಡದಾಗಿ ನೋಡುತ್ತಾರೆ ಅಂತಲೂ ಯೋಚಿಸಿ. 24 ಮೆಗಾಪಿಕ್ಸೆಲ್ ಚಿತ್ರ 6000 ಪಿಕ್ಸೆಲ್ ಅಗಲ. ಮೊಬೈಲಿನಲ್ಲಿ ಅದು 1080 ಪಿಕ್ಸೆಲ್‌ಗೆ ಇಳಿಯುತ್ತದೆ. ಸುಮಾರು 30 ಪಿಕ್ಸೆಲ್ ಸೇರಿ ಒಂದಾಗುತ್ತದೆ, ನಾಯ್ಸ್ ಐದರಲ್ಲಿ ಒಂದು ಪಾಲಿಗೆ ಬೀಳುತ್ತದೆ. ನೀವು ಶೇ. 100ರಲ್ಲಿ ನೋಡಿ ಸಂಕಟಪಟ್ಟ ನಾಯ್ಸ್ ಅಲ್ಲಿ ಇರುವುದೇ ಇಲ್ಲ. ಆದರೆ ಅತಿಯಾಗಿ ಉಜ್ಜಿದ ಮುಖ ಮೊಬೈಲಿನಲ್ಲೂ ಮೇಣದಂತೆಯೇ ಕಾಣುತ್ತದೆ. 12×8 ಇಂಚಿನ ಪ್ರಿಂಟ್ 300 ಡಿಪಿಐನಲ್ಲಿ 3600×2400 ಪಿಕ್ಸೆಲ್. ಐಎಸ್‌ಒ 3200ರ ಒಂದು ಚಿತ್ರವನ್ನು ಊರಿನ ಲ್ಯಾಬಿನಲ್ಲಿ ಹಾಗೆ ಒಂದು ಪ್ರಿಂಟ್ ಹಾಕಿಸಿ, ಕೈಯಳತೆ ದೂರದಲ್ಲಿ ಹಿಡಿದು ನೋಡಿ. ನಿಮ್ಮ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಗುಂಪಿನ ಅಭಿಪ್ರಾಯದ ಮಾತಿಗೆ ಬಂದರೆ, ಚಿತ್ರ ಕಳಿಸುವ ರೀತಿಯಿಂದಲೇ ಶುರು ಮಾಡಬೇಕು. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಒತ್ತುತ್ತದೆ. ಕತ್ತಲಿನ ಜಾಗದಲ್ಲಿ ಚೌಕ ಚೌಕ ಕಲೆ ಬರುತ್ತದೆ. ನೋಡಿದವರು ಅದನ್ನೇ ನಾಯ್ಸ್ ಅನ್ನುತ್ತಾರೆ. 2048 ಪಿಕ್ಸೆಲ್‌ಗೆ ನೀವೇ ಇಳಿಸಿ ಡಾಕ್ಯುಮೆಂಟ್ ಆಗಿ ಕಳಿಸಿ. ಜೊತೆಗೆ ಶಟರ್, ಅಪರ್ಚರ್, ಐಎಸ್‌ಒ, ಎಷ್ಟು ಕ್ರಾಪ್ ಮಾಡಿದ್ದೀರಿ, ಎಷ್ಟು ಸ್ಟಾಪ್ ಏರಿಸಿದ್ದೀರಿ ಅಂತ ಒಂದು ಸಾಲು ಬರೆಯಿರಿ. ‘800ರಲ್ಲಿ ತೆಗೆದು ಮೂರು ಸ್ಟಾಪ್ ಏರಿಸಿದ್ದು’ ಅಂತ ಬರೆದಿದ್ದರೆ ಐಎಸ್‌ಒ ಇಳಿಸಿ ಅನ್ನುವ ಸಲಹೆ ಬರುತ್ತಲೇ ಇರಲಿಲ್ಲ.

ಆಮೇಲೆ ಒಂದೇ ಪ್ರಶ್ನೆ ಕೇಳಿ. ‘ಹೇಗಿದೆ?’ ಅಂದರೆ ‘ಸೂಪರ್’ ಅಂತಲೇ ಉತ್ತರ ಬರುವುದು. ಅದು ಪ್ರೀತಿಯ ಮಾತು, ಬೇಸರ ಬೇಡ. ಆದರೆ ನಾಯ್ಸ್ ಕಡಿಮೆ ತೆಗೆದದ್ದು ಒಂದು, ಜಾಸ್ತಿ ತೆಗೆದದ್ದು ಒಂದು ಪಕ್ಕಪಕ್ಕ ಇಟ್ಟು ‘ಯಾವುದರಲ್ಲಿ ಮುಖವರ್ಣಿಕೆ ಸರಿಯಾಗಿ ಕಾಣುತ್ತೆ?’ ಅಂತ ಕೇಳಿ ನೋಡಿ. ಕ್ಯಾಮೆರಾ ಹಿಡಿಯದವರೂ ಸರಿಯಾಗಿ ಹೇಳುತ್ತಾರೆ.

ಕ್ಯಾಮೆರಾ ಗೊತ್ತಿರುವವರ ಜೊತೆ ಆಟ ಗೊತ್ತಿರುವವರಿಗೂ ತೋರಿಸಿ. ಇದು ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಮಾತು. ಚೌಕಿಯಲ್ಲಿ (ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ) ಕೂತ ಹಿರಿಯ ಕಲಾವಿದರು, ಹಿಮ್ಮೇಳದವರು, ಐವತ್ತು ವರ್ಷ ಆಟ ನೋಡಿದ ಅಜ್ಜ. ಅವರು ನಾಯ್ಸ್ ನೋಡುವುದಿಲ್ಲ. ‘ಹೆಜ್ಜೆ ಇನ್ನೂ ನೆಲಕ್ಕೆ ಬಿದ್ದಿಲ್ಲ, ಅರೆಕ್ಷಣ ಮುಂಚೆ ಒತ್ತಿದ್ದೀರಿ’, ‘ಕೈ ಬೆರಳು ತುಂಡಾಗಿದೆ, ಅದರಲ್ಲೇ ಅಲ್ವಾ ಅವರು ಹೇಳುತ್ತಿದ್ದದ್ದು’ ಅನ್ನುತ್ತಾರೆ. ಮುಂದಿನ ರಾತ್ರಿ ನೇರವಾಗಿ ಉಪಯೋಗಕ್ಕೆ ಬರುವುದು ಇಂಥ ಮಾತು. ಸರಿಯಾದ ಕ್ಷಣ ಸಿಕ್ಕಿದ ಚಿತ್ರದಲ್ಲಿ ಕಾಳು ಕಾಣುತ್ತದೆ ಅಂತ ಯಾರೂ ಮುಖ ತಿರುಗಿಸುವುದಿಲ್ಲ. ಫಿಲ್ಮಿನ ಕಾಲದಲ್ಲಿ 400ರ ರೀಲನ್ನು 1600ಕ್ಕೆ ಪುಶ್ ಮಾಡಿ (ತೊಳೆಯುವಾಗ ಎರಡು ಸ್ಟಾಪ್ ಏರಿಸಿ) ತೆಗೆದ ಎಷ್ಟೋ ಚಿತ್ರಗಳನ್ನು ಇವತ್ತಿಗೂ ಆಸೆಯಿಂದ ನೋಡುತ್ತೇವೆ.

ಬೆಂಗಳೂರಿನಲ್ಲಿ 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿಗಳ ಕೂಟಗಳು ಬೆಳೆದದ್ದೇ ಒಬ್ಬರ ಚಿತ್ರವನ್ನು ಇನ್ನೊಬ್ಬರು ಕೂತು ನೋಡಿ ಮಾತಾಡುವುದರಿಂದ. ನೀವೂ ಬೇರೆಯವರ ಚಿತ್ರಕ್ಕೆ ಹೇಳುವಾಗ ಕಂಡದ್ದನ್ನು ಮೊದಲು ಹೇಳಿ, ಕಾರಣವನ್ನು ಆಮೇಲೆ ಸೇರಿಸಿ. ‘ಎಡಗೆನ್ನೆಯ ಚುಟ್ಟಿ ಹಾರಿಹೋಗಿದೆ, 2/3 ಸ್ಟಾಪ್ ಕಡಿಮೆ ಇದ್ದಿದ್ದರೆ ಉಳಿಯುತ್ತಿತ್ತು’ ಅಂದರೆ ಕೇಳಿದವರು ಮುಂದಿನ ಆಟದಲ್ಲಿ ಮಾಡಿ ನೋಡಬಹುದು. ‘ನಾಯ್ಸ್ ಜಾಸ್ತಿ’ ಅಂತ ಎರಡೇ ಪದ ಬರೆದರೆ ಅವರಿಗೆ ಮಾಡಲು ಏನೂ ಸಿಗುವುದಿಲ್ಲ.

ಐಎಸ್‌ಒ 800ರ ಹಳೆಯ ಚಿತ್ರಗಳನ್ನು ಅಳಿಸಬೇಡಿ. ರಾ ಫೈಲ್ ಇದ್ದರೆ ಮತ್ತೆ ತೆರೆಯಿರಿ. ಮೂರು ಸ್ಟಾಪ್ ಬದಲು ಒಂದೂವರೆ ಮಾತ್ರ ಏರಿಸಿ, ಮುಖಕ್ಕೆ ಮಾಸ್ಕ್ ಹಾಕಿ ಅಲ್ಲಿ ಇನ್ನು ಅರ್ಧ ಕೊಡಿ, ಹಿನ್ನೆಲೆಯನ್ನು ಕತ್ತಲಿಗೇ ಬಿಡಿ. ಬಣ್ಣದ ಕಲೆ ತೀರಾ ಜಾಸ್ತಿ ಇದ್ದರೆ ಕಪ್ಪುಬಿಳುಪು ಮಾಡಿ ನೋಡಿ, ಆ ಕಲೆಗಳು ಹೋಗುತ್ತವೆ. ಮುಂದಿನ ಆಟಕ್ಕೆ ಹೋಗುವಾಗ ಐಎಸ್‌ಒಗೆ ನೀವು ಇಟ್ಟುಕೊಂಡ 800ರ ಮಿತಿಯನ್ನು 12800 ಮಾಡಿಕೊಂಡೇ ಹೊರಡಿ.